ರಂಗರಾಯರ ಶಾಲೆ, ರಂಗರಾಯರ ಮನೆ

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಬ್ಬ ಸಾರಸ್ವತ ಬ್ರಾಹ್ಮಣ ವಕೀಲರು ಬಾಡಿಗೆ ಜಾಗ ಹಿಡಿದು ಒಂದು ಶಾಲೆ ತೆರೆದರು. ಊರು ಮುಟ್ಟಲೊಲ್ಲದ ಮಕ್ಕಳಿಗಾಗಿ ತೆರೆದ ಶಾಲೆ ಅದು. ಅಲ್ಲಿ ಅದಕ್ಕೆ ನೆಲೆ ಸಿಗಲಿಲ್ಲ. ವಿರೋಧ ಬಂತು, ಬೆದರಿಕೆ ಬಂತು. ಆ ಮಕ್ಕಳಿಗೆ ಪಾಠ ಹೇಳಲು ಮೇಲ್ಜಾತಿಯ ಮೇಷ್ಟ್ರುಗಳು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಒಂದು ಕಡೆ ಎಬ್ಬಿಸಿದರೆ ಇನ್ನೊಂದು ಕಡೆ ಮಣೆ ಹಾಕಿದರು. ಕಂಕನಾಡಿ, ಅತ್ತಾವರ, ಬೋಳೂರು, ಬಾಬುಗುಡ್ಡೆ, ದಡ್ಡಲಕಾಡು. ನಮಗೆ ಇವೆಲ್ಲ ಸಿಟಿ ಬಸ್ಸಿನ ಕಂಡಕ್ಟರು ಕೂಗುವ ಹೆಸರುಗಳು. ಕುದ್ಮುಲ್ ರಂಗರಾಯರಿಗೆ ಒಂದೊಂದೂ ಒಂದೊಂದು ಶಾಲೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಹಾಗಾಗಿ ಅವರ ಬಗ್ಗೆ ಓದುವಾಗಲೆಲ್ಲ ನನ್ನ ಕಣ್ಣು ಭಾಷಣ, ಬಿರುದುಗಳ ಕಡೆ ಹೋಗುವುದಿಲ್ಲ. ಹಾಜರಿ ಪುಸ್ತಕದ ಕಡೆ ಹೋಗುತ್ತದೆ. ಶಾಲೆ ತೆರೆಯುವುದು ಸುಲಭ, ಮಗುವನ್ನು ಬೆಂಚಿನ ಮೇಲೆ ಉಳಿಸಿಕೊಳ್ಳುವುದು ಕಷ್ಟ. ಜೂನ್ ತಿಂಗಳ ಮಳೆಯಲ್ಲಿ ನಟ್ಟಿ ಶುರುವಾದರೆ ದೊಡ್ಡ ಹುಡುಗಿಯರು ಬರುತ್ತಿರಲಿಲ್ಲ. ಮನೆಯಲ್ಲಿ ತಮ್ಮನನ್ನು ಎತ್ತಿಕೊಳ್ಳುವವರು ಬೇಕಲ್ಲ. ಅಂಥ ಮನೆಯ ತಾಯಿಗೆ ವಿದ್ಯೆಯ ಮಹತ್ವ ಹೇಳಿ ಏನೂ ಪ್ರಯೋಜನವಿಲ್ಲ. ಅವಳಿಗೆ ಅದು ಗೊತ್ತಿರುತ್ತದೆ. ಅವಳಿಗೆ ಗೊತ್ತಿಲ್ಲದ್ದು ರಾತ್ರಿಯ ಅಕ್ಕಿ ಎಲ್ಲಿಂದ ಎಂಬುದು.

ರಂಗರಾಯರು ಇದನ್ನು ಮೊದಲೇ ಕಂಡುಕೊಂಡಿದ್ದರು. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ಮಗು ದುಡಿಯದೆ ಅಕ್ಷರ ಕಲಿತರೆ ಮನೆಗೆ ಆಗುವ ನಷ್ಟವನ್ನು ಶಾಲೆಯೇ ತುಂಬಿಕೊಡಬೇಕು ಎಂಬ ಲೆಕ್ಕ ಇದು. ಸರ್ಕಾರದ ಬಿಸಿಯೂಟ ನಮ್ಮ ಶಾಲೆಗಳಿಗೆ ಬಂದದ್ದು 2000ದ ನಂತರ. ಹಬೆಯಾಡುವ ಅನ್ನದ ಪಾತ್ರೆ ಬಂದ ಮೇಲೆ ನನ್ನ ತರಗತಿಯ ಹಾಜರಿ ಹೇಗೆ ಬದಲಾಯಿತೆಂದು ನಾನು ನೋಡಿದ್ದೇನೆ. ಅದಕ್ಕಿಂತ ಸುಮಾರು ನೂರು ವರ್ಷ ಮೊದಲು ಒಬ್ಬ ವಕೀಲರು ಇದನ್ನು ಮಾಡಿ ತೋರಿಸಿದ್ದರು. ಇದನ್ನು ಬರೀ ದಾನ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಆಗಿನ ಮಂಗಳೂರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಮುಖ್ಯ ಪಟ್ಟಣ. ಬಾಸೆಲ್ ಮಿಷನ್ನಿನವರು 1834ರಲ್ಲೇ ಬಂದಿಳಿದು ಶಾಲೆ, ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆ ಎಲ್ಲವನ್ನೂ ಊರಿಗೆ ತಂದಿದ್ದರು. ಸಂತ ಅಲೋಶಿಯಸ್ ಕಾಲೇಜು 1880ರದು. ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹೈಸ್ಕೂಲು ಕಟ್ಟಿದ್ದು 1891ರಲ್ಲಿ. ವಿದ್ಯೆಯ ವಿಷಯದಲ್ಲಿ ಊರು ಮುಂದಿತ್ತು. ಆದರೆ ಹೊಲೆಯರ, ಕೊರಗರ ಮಕ್ಕಳು ಬೀದಿಯಲ್ಲಿ ನಿಂತು ಆ ಕಟ್ಟಡಗಳನ್ನು ನೋಡಬಹುದಿತ್ತು, ಅಷ್ಟೆ. ಉಳ್ಳಾಲ ರಘುನಾಥಯ್ಯನವರ ಬ್ರಹ್ಮಸಮಾಜ ಈ ಊರಿನಲ್ಲಿ ಕೆಲವರ ಮನಸ್ಸು ಕಲಕಿತ್ತು, ರಂಗರಾಯರು ಅವರಲ್ಲೊಬ್ಬರು. 1859ರಲ್ಲಿ ಹುಟ್ಟಿದ ಅವರು ಬಡತನ ಕಂಡವರು, ಸಣ್ಣ ಸಂಬಳಕ್ಕೆ ಮೇಷ್ಟ್ರಾಗಿ ದುಡಿದು ಆಮೇಲೆ ವಕೀಲರಾದವರು.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಶುರು ಮಾಡಿದ್ದು 1906ರಲ್ಲಿ. ನಮ್ಮ ಊರಿನದು ಅದಕ್ಕಿಂತ ಒಂಬತ್ತು ವರ್ಷ ಹಿರಿದು. ಶಾಲೆಯ ಜೊತೆಗೆ ನೇಯ್ಗೆ, ಮರಗೆಲಸ ಕಲಿಸಿದರು. ಬಾವಿ ತೋಡಿಸಿದರು. ಸಾರ್ವಜನಿಕ ಕೆರೆಯ ನೀರು ಮುಟ್ಟಲು ಅಂಬೇಡ್ಕರ್ ಮಹಾಡಿನಲ್ಲಿ ಸತ್ಯಾಗ್ರಹ ಹೂಡಬೇಕಾದದ್ದು 1927ರಲ್ಲಿ ಎಂಬುದನ್ನು ನೆನೆದರೆ, ಆ ಬಾವಿಗಳ ನೀರಿನ ಬೆಲೆ ತಿಳಿಯುತ್ತದೆ. ಕೊರಗರನ್ನು ಹೀನಾಯಗೊಳಿಸುವ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು ನಮಗೆ 2000ನೇ ಇಸವಿಯೇ ಬರಬೇಕಾಯಿತು.

ಇಷ್ಟನ್ನು ಸಭೆಗಳಲ್ಲಿ ಹೇಳುತ್ತಾರೆ. ಅವರ ಮನೆಯ ವಿಷಯ ಯಾರೂ ಹೇಳುವುದಿಲ್ಲ. ನನಗೆ ಹೇಳಬೇಕಾದದ್ದು ಅದೇ.

ಜಾತಿಯವರು ರಂಗರಾಯರನ್ನು ಬಹಿಷ್ಕರಿಸಿದರು. ಬಹಿಷ್ಕಾರ ಗಂಡಸಿನ ಹೆಸರಿಗೆ ಬಂದರೂ ಅದನ್ನು ಉಣ್ಣುವವರು ಮನೆಯವರು. ಹಬ್ಬಕ್ಕೆ ಕರೆಯಿಲ್ಲ, ಮದುವೆಗೆ ಕರೆಯಿಲ್ಲ, ಬಾಣಂತನಕ್ಕೆ ನೆಂಟರ ಕೈಯಿಲ್ಲ; ಬೆಳೆದ ಹೆಣ್ಣುಮಕ್ಕಳಿಗೆ ಗಂಡು ಎಲ್ಲಿಂದ? ಎಷ್ಟೋ ಸುಧಾರಕರು ಈ ಹೊಸ್ತಿಲಲ್ಲೇ ಮಣಿದರು, ಪ್ರಾಯಶ್ಚಿತ್ತ ಮಾಡಿಕೊಂಡು ಒಳಗೆ ಹೋದರು. ರಂಗರಾಯರು ಮಣಿಯಲಿಲ್ಲ. ಹಾಗೆಂದು ಸಂಸಾರವನ್ನು ಬೀದಿಗೆ ಬಿಟ್ಟು ಸೇವೆಗೆ ಹೋದವರೂ ಅಲ್ಲ. ಹೊರಗೆ ಆಡಿದ್ದನ್ನೆಲ್ಲ ಮೊದಲು ಒಳಗೆ ಮಾಡಿದರು.

1891ರಲ್ಲಿ ಹುಟ್ಟಿದ ಮಗಳು ರಾಧಾಬಾಯಿಯನ್ನು ಓದಿಸಿದರು. 1912ರಲ್ಲಿ ಆಕೆಯ ಮದುವೆ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರೊಂದಿಗೆ ಆಯಿತು. ಕೊಂಕಣಿ ಮಾತಾಡುವ ಬ್ರಾಹ್ಮಣರ ಮನೆಯ ಹುಡುಗಿ, ತಮಿಳು ಗೌಂಡರ್ ಮನೆತನದ ಹುಡುಗ. ಜಾತಿ, ಭಾಷೆ ಎರಡನ್ನೂ ದಾಟಿದ ಮದುವೆಗೆ ಇಂದಿಗೂ ನಮ್ಮ ಬೀದಿಗಳಲ್ಲಿ ಎದೆಗಾರಿಕೆ ಬೇಕು. ಆ ಅಳಿಯ 1926ರ ಕೊನೆಗೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ಮಗಳು 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಸಭೆಯಲ್ಲಿ ಭಾರತದ ಹೆಂಗಸರ ಪರವಾಗಿ ಕೂತ ಇಬ್ಬರಲ್ಲಿ ಒಬ್ಬರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟಿಗೆ ಆಯ್ಕೆಯಾದ ಮೊದಲ ಮಹಿಳೆ. ಮೊಮ್ಮಕ್ಕಳಲ್ಲಿ ಒಬ್ಬರು ಭೂಸೇನೆಯ ಮುಖ್ಯಸ್ಥರಾದರು, ಮೋಹನ್ ಕುಮಾರಮಂಗಲಂ ಕೇಂದ್ರ ಸಚಿವರಾದರು, ಪಾರ್ವತಿ ಕೃಷ್ಣನ್ ಕಮ್ಯುನಿಸ್ಟ್ ಸಂಸದೆಯಾದರು. ಊರು ಹೊರಗಿಟ್ಟ ಮನೆಯ ಕಥೆ ಇದು.

ವಯಸ್ಸಾದ ಮೇಲೆ ಮಿಷನ್ನನ್ನು ಗೋಖಲೆಯವರು ಸ್ಥಾಪಿಸಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಗೆ ಒಪ್ಪಿಸಿದರು. ಮಕ್ಕಳಿಗೆ ಆಸ್ತಿಯಾಗಿ ಉಳಿಸಲಿಲ್ಲ. ಇದೂ ನನಗೆ ದೊಡ್ಡದಾಗಿ ಕಾಣುತ್ತದೆ, ಏಕೆಂದರೆ ಧರ್ಮದ ಹೆಸರಿನ ಸಂಸ್ಥೆಗಳು ಮನೆತನದ ಗದ್ದೆಗಳಾಗುವುದನ್ನು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ನೋಡಿದ್ದೇವೆ. 1927ರಲ್ಲಿ ಸಂನ್ಯಾಸ ತೆಗೆದುಕೊಂಡು ಈಶ್ವರಾನಂದರಾದರು. ಮಕ್ಕಳು ನೆಲೆ ಕಂಡ ಮೇಲೆ, ಸಂಸ್ಥೆ ಒಳ್ಳೆಯ ಕೈ ಸೇರಿದ ಮೇಲೆ ಉಟ್ಟ ಕಾವಿ ಅದು. ತನ್ನ ಹೆಣವನ್ನು ತೋಟಿಗಳು ಹೊತ್ತು ಸಂಸ್ಕಾರ ಮಾಡಬೇಕೆಂದು ಹೇಳಿಟ್ಟಿದ್ದರು. 1928ರ ಜನವರಿ 30ರಂದು ತೀರಿಕೊಂಡರು.

ಓದಿದ ದಲಿತ ಮಗುವೊಂದು ಒಳ್ಳೆಯ ಕೆಲಸ ಹಿಡಿದು ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂದು ಅವರು ಬಯಸಿದ್ದರಂತೆ. ಮಂಗಳೂರಿನಲ್ಲಿ ಈ ಮಾತು ಎಲ್ಲರ ಬಾಯಲ್ಲಿದೆ. ನಮ್ಮ ಪುರಭವನಕ್ಕೂ ಅವರದೇ ಹೆಸರು. ತುಳು ನಾಟಕ, ಯಕ್ಷಗಾನಕ್ಕೆ ಹೋಗುವವರು ಟೌನ್‌ಹಾಲ್ ಎಂದು ಕರೆದರೂ ಬೋರ್ಡಿನ ಮೇಲೆ ಕುದ್ಮುಲ್ ರಂಗರಾವ್ ಎಂದೇ ಇದೆ. ಪ್ರತಿ ಜೂನ್ 29ಕ್ಕೆ ಜಯಂತಿ ನಡೆಯುತ್ತದೆ, ಸಮಾಧಿಗೆ ಹೂವು ಹಾಕುತ್ತಾರೆ. ಆ ದಿನ ಮಾತಾಡುವವರು ರಾಧಾಬಾಯಿಯ ಹೆಸರನ್ನೂ ಹೇಳಲಿ. ಮದುವೆ ಮನೆಗಳಿಗೆ ಕರೆಯಿಲ್ಲದೆ ಆ ವರ್ಷಗಳನ್ನು ಕಳೆದ ಮನೆಯವರನ್ನೂ, ಬೆದರಿಕೆಗೆ ಹೆದರದೆ ಮಣ್ಣಿನ ನೆಲದಲ್ಲಿ ಕೂತು ಅಕ್ಷರ ಹೇಳಿಕೊಟ್ಟ ಆ ಕ್ರೈಸ್ತ ಮೇಷ್ಟ್ರುಗಳನ್ನೂ ನೆನೆಯಲಿ.