ಸೋರುವುದು ಅಂಚಿನಲ್ಲಿ: ಆಹಾರದ ರಟ್ಟಿನ ಪೊಟ್ಟಣ ಸುಧಾರಿಸಿದ ಬಗೆ

ಮುತ್ತುಗದ ಎಲೆಯ ದೊನ್ನೆಗೆ ಬಿಸಿ ಪಾಯಸ ಬಡಿಸಿದರೆ ತೇವ ಮೊದಲು ಕಾಣಿಸಿಕೊಳ್ಳುವುದು ಎಲೆಯ ನಡುವಿನಲ್ಲಲ್ಲ, ಮಡಿಸಿ ಕಡ್ಡಿ ಚುಚ್ಚಿದ ಕಡೆ. ಎಲೆಯ ಮೇಲ್ಮೈಗೆ ಹುಟ್ಟಿನಿಂದಲೇ ಬಂದ ಮೇಣದ ತೆಳು ಹೊದಿಕೆ ಇದೆ. ಚುಚ್ಚಿದ ತೂತಿಗೆ ಅದಿಲ್ಲ. ಕಾಗದದ ರಟ್ಟಿನಿಂದ ಹಾಲಿಗೆ, ಹಣ್ಣಿನ ರಸಕ್ಕೆ, ಬಿಸ್ಕತ್ತಿಗೆ ಪೊಟ್ಟಣ ಮಾಡಲು ಹೊರಟವರು ಸುಮಾರು ನೂರೈವತ್ತು ವರ್ಷಗಳಿಂದ ಹೆಣಗುತ್ತಿರುವುದೂ ಇದೇ ತೊಡಕಿನೊಂದಿಗೆ.

ಈ ಇತಿಹಾಸವನ್ನು ಆಕಾರಗಳ ಇತಿಹಾಸವಾಗಿ ಹೇಳುವುದು ರೂಢಿ. ಮನೆಯ ಮಾಡಿನಂಥ ತಲೆಯ ಹಾಲಿನ ಡಬ್ಬಿ ಬಂತು, ನಾಲ್ಕು ಮುಖದ ಪೊಟ್ಟಣ ಬಂತು, ಆಮೇಲೆ ಇಟ್ಟಿಗೆಯಾಕಾರದ್ದು ಬಂತು ಎಂದು ಪಟ್ಟಿ ಬೆಳೆಯುತ್ತದೆ. ಆಕಾರ ಕಣ್ಣಿಗೆ ಕಾಣುತ್ತದೆ, ಪೇಟೆಂಟಿನಲ್ಲಿ ಚಿತ್ರವಾಗಿ ಉಳಿಯುತ್ತದೆ. ಹಾಗಾಗಿ ಅದಕ್ಕೆ ಮೊದಲ ಮಣೆ ಸಿಕ್ಕಿತು. ಈ ಲೇಖನದ ವಾದ ಬೇರೆ. ರಟ್ಟಿನ ಪೊಟ್ಟಣ ನಿಜವಾಗಿ ಸುಧಾರಿಸಿದ್ದು ಅಂಚು, ಮಡಿಕೆ, ಒಳಲೇಪ ಎಂಬ ಮೂರು ಕಡೆ. ಒಂದು ಕಡೆಯ ತೊಡಕು ಬಿಡಿಸಿದಾಗಲೆಲ್ಲ ಅದು ಇನ್ನೊಂದು ಕಡೆಗೆ ಸರಿಯಿತು.

ಕಾಗದಕ್ಕೆ ನೀರು ಯಾಕೆ ಆಗದು ಎಂಬುದು ಮೊದಲು ತಿಳಿಯಬೇಕು. ಮರದ ನಾರುಗಳು ಒಂದನ್ನೊಂದು ಹಿಡಿದುಕೊಂಡಿರುವುದು ಗೋಂದಿನಿಂದಲ್ಲ, ಹೈಡ್ರೋಜನ್ ಬಂಧಗಳಿಂದ. ನೀರು ಬಂದು ಆ ಬಂಧಗಳ ನಡುವೆ ಸೇರಿಕೊಂಡರೆ ನಾರು ಉಬ್ಬುತ್ತದೆ, ಹಿಡಿತ ಸಡಿಲವಾಗುತ್ತದೆ, ಹಾಳೆ ಮತ್ತೆ ತಿರುಳಾಗತೊಡಗುತ್ತದೆ. ಕಾಗದ ಮಾಡುವಾಗ ನೀರಿನಲ್ಲಿ ನಡೆದ ಕೆಲಸವೇ ಹಿಂದುಮುಂದಾಗಿ ನಡೆದಂತೆ.

ಕತ್ತರಿಸಿದ ಗೆರೆ, ಅದ್ದಿದ ಮೇಣ

ಮಡಿಸುವ ರಟ್ಟಿನ ಡಬ್ಬಿಯ ಆರಂಭವನ್ನು 1879ರ ಬ್ರೂಕ್ಲಿನ್‌ಗೆ ಒಯ್ಯುವುದು ವಾಡಿಕೆ. ಸ್ಕಾಟ್‌ಲೆಂಡಿನಿಂದ ವಲಸೆ ಬಂದಿದ್ದ ರಾಬರ್ಟ್ ಗೇರ್ ಅಲ್ಲಿ ಕಾಗದದ ಚೀಲಗಳ ಕಾರ್ಖಾನೆ ನಡೆಸುತ್ತಿದ್ದರು. ಬೀಜದ ಚೀಲಗಳನ್ನು ಅಚ್ಚು ಹಾಕುವಾಗ ಮಡಿಕೆ ಮೂಡಿಸಬೇಕಿದ್ದ ಲೋಹದ ಪಟ್ಟಿಯೊಂದು ಜಾಗ ತಪ್ಪಿ ಚೀಲಗಳನ್ನು ಕತ್ತರಿಸಿಬಿಟ್ಟಿತಂತೆ. ಹಾಳಾದ ಚೀಲಗಳನ್ನು ನೋಡಿದ ಗೇರ್‌ಗೆ ಹೊಳೆದದ್ದು ಇಷ್ಟು: ಎತ್ತರದ ಪಟ್ಟಿ ಕತ್ತರಿಸುತ್ತದೆ, ಗಿಡ್ಡ ಪಟ್ಟಿ ಮಡಿಕೆಯ ಗೆರೆ ಮೂಡಿಸುತ್ತದೆ, ಎರಡನ್ನೂ ಒಂದೇ ಒತ್ತಿನಲ್ಲಿ ಮಾಡಬಹುದು. ಡಬ್ಬಿ ಅಂದಿನಿಂದ ಚಪ್ಪಟೆಯಾಗಿ ಪ್ರಯಾಣ ಮಾಡಿ, ತುಂಬುವ ಜಾಗದಲ್ಲಿ ಎದ್ದು ನಿಲ್ಲುವ ವಸ್ತುವಾಯಿತು. ಆದರೆ ಇದು ಒಣ ಸರಕಿನ ಡಬ್ಬಿ. 1898ರಲ್ಲಿ ಹುಟ್ಟಿದ ಅಮೆರಿಕದ ನ್ಯಾಷನಲ್ ಬಿಸ್ಕಟ್ ಕಂಪನಿ, ಪೀಪಾಯಿಯಿಂದ ಅಳೆದು ಕೊಡುತ್ತಿದ್ದ ಬಿಸ್ಕತ್ತನ್ನು ರಟ್ಟಿನ ಡಬ್ಬಿಗೆ ತಂದಾಗ ರಟ್ಟನ್ನು ನಂಬಿ ಕೂರಲಿಲ್ಲ. ಒಳಗೆ ಮೇಣದ ಕಾಗದದ ಇನ್ನೊಂದು ಹಾಳೆಯನ್ನು ರಟ್ಟಿನೊಂದಿಗೇ ಮಡಿಸಿತು. ಗಟ್ಟಿತನ ರಟ್ಟಿನದು, ತಡೆ ಮೇಣದ್ದು. ಈ ಕೆಲಸದ ಹಂಚಿಕೆ ಇಂದಿಗೂ ಬದಲಾಗಿಲ್ಲ.

ದ್ರವವನ್ನು ತುಂಬುವ ಧೈರ್ಯ ಬಂದದ್ದು ಒಹಾಯೊದ ಟೊಲೆಡೊ ಊರಿನಲ್ಲಿ. ಜಾನ್ ವ್ಯಾನ್ ವರ್ಮರ್‌ಗೆ 1915ರ ಅಕ್ಟೋಬರಿನಲ್ಲಿ 'ಕಾಗದದ ಬಾಟಲಿ'ಗೆ ಪೇಟೆಂಟ್ ದೊರೆಯಿತು. ಪ್ಯೂರ್-ಪ್ಯಾಕ್ ಎಂದು ಹೆಸರಿಟ್ಟರು. ಚಿತ್ರ ಬರೆಯುವುದು ಸುಲಭವಿತ್ತು, ಹಾಲಿನ ಡೇರಿಯಲ್ಲೇ ಮಡಿಸಿ, ಅಂಟಿಸಿ, ತುಂಬಿ, ಮುಚ್ಚುವ ಯಂತ್ರ ಕಟ್ಟಲು ವರ್ಷಗಳು ಹಿಡಿದವು. 1930ರ ದಶಕದಲ್ಲಿ ಇದರ ಹಕ್ಕು ಡೆಟ್ರಾಯಿಟ್‌ನ ಎಕ್ಸ್-ಸೆಲ್-ಒ ಕಂಪನಿಯ ಕೈಸೇರಿದ್ದು ಗಮನಿಸಬೇಕಾದ ಸಂಗತಿ. ಅದು ಕಾಗದದ ಕಂಪನಿಯಲ್ಲ, ನಿಖರ ಯಂತ್ರೋಪಕರಣ ಮಾಡುವ ಕಂಪನಿ. ಮಡಿಕೆಯ ಗೆರೆ ಕೂದಲೆಳೆಯಷ್ಟು ಆಚೀಚೆಯಾದರೂ ಹಾಲು ಸೋರುತ್ತಿದ್ದ ಡಬ್ಬಿಗೆ ಬೇಕಿದ್ದದ್ದು ಅಂಥ ಕೈಯೇ.

ಆ ಡಬ್ಬಿಯನ್ನು ಮಡಿಸಿ ಅಂಟಿಸಿದ ಮೇಲೆ ಕರಗಿದ ಪ್ಯಾರಾಫಿನ್ ಮೇಣದಲ್ಲಿ ಅದ್ದುತ್ತಿದ್ದರು. ಇದರ ಹಿರಿಮೆಯನ್ನು ನಾವು ಮರೆತಿದ್ದೇವೆ. ಮಡಿಸಿದ ಮೇಲೆ ಅದ್ದಿದ್ದರಿಂದ ಮೈ, ಅಂಚು, ಮಡಿಕೆ ಮೂರಕ್ಕೂ ಒಟ್ಟಿಗೇ ಹೊದಿಕೆ ಸಿಗುತ್ತಿತ್ತು. ದೊನ್ನೆಗಿಲ್ಲದ ಭಾಗ್ಯ ಅದು. ಕಷ್ಟ ಬೇರೆ ಕಡೆ ಇತ್ತು. ತಣ್ಣಗಾದ ಮೇಣ ಪೆಡಸು. ಡಬ್ಬಿ ಒತ್ತಿದರೆ ಬಿರುಕು ಬಿಟ್ಟು, ಚೂರು ಚೂರಾಗಿ ಹಾಲಿನ ಮೇಲೆ ತೇಲುತ್ತಿತ್ತು. ಮೇಣ ಮೆತ್ತಿದ ಎರಡು ಮುಖಗಳನ್ನು ಒತ್ತಿ ಗಟ್ಟಿಯಾಗಿ ಬೆಸೆಯುವಂತೆಯೂ ಇರಲಿಲ್ಲ.

ಪಾಲಿಥೀನ್ ಕೊಟ್ಟದ್ದು ಬೆಸುಗೆ

1933ರ ಮಾರ್ಚಿನಲ್ಲಿ ಇಂಗ್ಲೆಂಡಿನ ವಿನಿಂಗ್ಟನ್‌ನಲ್ಲಿದ್ದ ಐಸಿಐ ರಾಸಾಯನಿಕ ಕಂಪನಿಯ ಪ್ರಯೋಗಾಲಯದಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅವರಿಗೆ ಎಥಿಲೀನನ್ನು ಅತಿ ಒತ್ತಡಕ್ಕೆ ಗುರಿಪಡಿಸಿದಾಗ ಮೇಣದಂಥ ಬಿಳಿ ವಸ್ತುವೊಂದು ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ಅದು ರೇಡಾರ್ ಕೇಬಲ್ಲಿನ ಹೊದಿಕೆಯಾಯಿತು. ಯುದ್ಧ ಮುಗಿದ ಮೇಲೆ ರಟ್ಟಿನ ಮೈಗೆ ಬಂತು. 1950-60ರ ದಶಕಗಳಲ್ಲಿ ಹಾಲಿನ ಡಬ್ಬಿಯ ಮೇಣದ ಜಾಗವನ್ನು ಪಾಲಿಥೀನ್ ಹಿಡಿಯಿತು.

ಪಾಲಿಥೀನ್ ನೀರು ತಡೆಯುತ್ತದೆ ಎಂಬುದಷ್ಟೇ ಮುಖ್ಯವಲ್ಲ. ಮೇಣವೂ ತಡೆಯುತ್ತಿತ್ತು. ಪಾಲಿಥೀನ್ ಬಾಗಿದರೂ ಬಿರುಕು ಬಿಡದು, ಬಿಸಿ ಮಾಡಿ ಒತ್ತಿದರೆ ತನಗೆ ತಾನೇ ಬೆಸೆದುಕೊಳ್ಳುತ್ತದೆ. ಅಂಟು, ಸ್ಟೇಪಲ್ ಎರಡೂ ಬೇಡವಾದವು. ಆದರೆ ಲೇಪದ ಕ್ರಮ ತಲೆಕೆಳಗಾಯಿತು: ಮೊದಲು ಇಡೀ ಸುರುಳಿಗೆ ಲೇಪ, ಆಮೇಲೆ ಕತ್ತರಿ, ಕೊನೆಗೆ ಮಡಿಕೆ. ಕತ್ತರಿಸಿದ ಕಡೆ ಬರಿ ನಾರು ಹೊರಬಂತು. ಮೇಣದ ಕಾಲದಲ್ಲಿ ಇಲ್ಲದಿದ್ದ ಹಸಿ ಅಂಚು ಎಂಬ ತೊಡಕು ಹುಟ್ಟಿದ್ದು ಹೀಗೆ. ಮಾಡಿನಾಕಾರದ ಡಬ್ಬಿಗಳಲ್ಲಿ ಒಳಬದಿಯ ಅಂಚನ್ನು ಹೆರೆದು ತೆಳುವಾಗಿಸಿ, ಸೀರೆಯ ಅಂಚು ಮಡಿಸಿ ಹೊಲಿಯುವಂತೆ ಒಳಕ್ಕೆ ಮಡಿಸಿ ಬೆಸೆಯುವ ಉಪಾಯ ಬಂತು. ಇಟ್ಟಿಗೆಯಾಕಾರದ ಪೊಟ್ಟಣದಲ್ಲಿ ಉದ್ದದ ಬೆಸುಗೆಯ ಒಳಗೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಅಂಟಿಸಿ ಅಂಚನ್ನು ಮುಚ್ಚುತ್ತಾರೆ. ಖಾಲಿ ಪೊಟ್ಟಣ ಬಿಡಿಸಿ ನೋಡಿದರೆ ಆ ಪಟ್ಟಿ ಕೈಗೆ ಸಿಗುತ್ತದೆ.

ಕರಗಿದ ಪಾಲಿಥೀನನ್ನು ರಟ್ಟಿಗೆ ಹಿಡಿಸುವುದರಲ್ಲೂ ಒಂದು ಇಕ್ಕಟ್ಟಿದೆ. 300 ಡಿಗ್ರಿಗೂ ಮೀರಿ ಕಾಯಿಸಿದರೆ ಅದರ ಮೇಲ್ಮೈ ಗಾಳಿಯೊಂದಿಗೆ ಬೆರೆತು ನಾರಿಗೆ ಚೆನ್ನಾಗಿ ಅಂಟುತ್ತದೆ, ಆದರೆ ಹಾಗೆ ಕಾದ ಪದರ ಹಾಲಿಗೆ ವಾಸನೆ ಹತ್ತಿಸುತ್ತದೆ. ಆದ್ದರಿಂದ ಆಹಾರಕ್ಕೆ ತಾಗುವ ಪದರವನ್ನು ಕಡಿಮೆ ಶಾಖದಲ್ಲಿ, ನಾರಿಗೆ ಅಂಟುವ ಪದರವನ್ನು ಹೆಚ್ಚು ಶಾಖದಲ್ಲಿ ಎಳೆಯುವ ಪದ್ಧತಿ ಬೆಳೆಯಿತು.

ಹಾಲಿನ ಮೂಲಕವೇ ಬೆಸುಗೆ

ಸ್ವೀಡನ್ನಿನ ಲುಂಡ್ ನಗರದ ಕಥೆಯನ್ನು ಆಕಾರದ ಕಥೆಯಾಗಿಯೇ ಹೇಳುತ್ತಾರೆ. ರೂಬೆನ್ ರೌಸಿಂಗ್ ಅವರ ಸಂಸ್ಥೆಯಲ್ಲಿ ಪ್ರಯೋಗಾಲಯ ಸಹಾಯಕರಾಗಿದ್ದ ಎರಿಕ್ ವಾಲೆನ್‌ಬರ್ಗ್, ಕಾಗದದ ಕೊಳವೆಯೊಂದನ್ನು ಒಂದು ಕಡೆ ಅಡ್ಡಲಾಗಿ, ಮುಂದೆ ಅದಕ್ಕೆ ಲಂಬವಾಗಿ ಒತ್ತಿದರೆ ನಾಲ್ಕು ಮುಖದ ಪೊಟ್ಟಣವಾಗುತ್ತದೆ ಎಂದು ಕಂಡುಕೊಂಡರು. 1944ರ ಮಾರ್ಚಿನಲ್ಲಿ ಪೇಟೆಂಟಿಗೆ ಅರ್ಜಿ ಹೋದದ್ದು ರೌಸಿಂಗ್ ಹೆಸರಿನಲ್ಲಿ. ವಾಲೆನ್‌ಬರ್ಗ್‌ಗೆ ಸ್ವೀಡನ್ನಿನ ಎಂಜಿನಿಯರಿಂಗ್ ವಿಜ್ಞಾನಗಳ ಅಕಾಡೆಮಿ ಚಿನ್ನದ ಪದಕ ಕೊಟ್ಟದ್ದು 1991ರಲ್ಲಿ. ನಡುವಿನ ಆ 47 ವರ್ಷಗಳನ್ನು ಇತಿಹಾಸ ಬರೆಯುವವರು ಹಗುರವಾಗಿ ದಾಟಬಾರದು.

ಆದರೂ ಆ ಪೊಟ್ಟಣದ ದೊಡ್ಡ ಸಾಧನೆ ಅದರ ಮೂಲೆಗಳಲ್ಲಿರಲಿಲ್ಲ. ಸದಾ ಹಾಲು ತುಂಬಿರುವ ಕೊಳವೆಯನ್ನು ಹಾಲಿನ ಮಟ್ಟದ ಕೆಳಗೇ ಬಿಸಿ ದವಡೆಗಳಿಂದ ಹಿಡಿದು ಬೆಸೆಯುವುದು, ನಡುವಿನ ಹಾಲು ತಾನಾಗಿ ಪಕ್ಕಕ್ಕೆ ಸರಿಯುವುದು, ಒಳಗೆ ಗಾಳಿಯೇ ಉಳಿಯದಿರುವುದು, ಇದೇ ಅದರ ಸತ್ವ. ಸಾಸೇಜ್ ತುಂಬುವ ಹಾಗೆ ಬಿಡುವಿಲ್ಲದೆ ತುಂಬಿ ಅಲ್ಲಲ್ಲೇ ಮುಚ್ಚಬಾರದೇಕೆ ಎಂಬ ಸಲಹೆ ರೌಸಿಂಗ್ ಅವರ ಹೆಂಡತಿ ಎಲಿಸಬೆತ್ ಅವರದು ಎಂದು ಆ ಮನೆತನದವರು ನೆನೆಯುತ್ತಾರೆ. ಟೆಟ್ರಾ ಪ್ಯಾಕ್ ಸಂಸ್ಥೆ 1951ರಲ್ಲಿ ಆರಂಭವಾಯಿತು. ಹ್ಯಾರಿ ಯೆರುಂಡ್ ರೂಪಿಸಿದ ಯಂತ್ರ 1952ರಲ್ಲಿ ಲುಂಡ್‌ನ ಡೇರಿಯಲ್ಲಿ ಕೆನೆ ತುಂಬತೊಡಗಿತು. ನಾಲ್ಕು ಮುಖದ ಪೊಟ್ಟಣ ಜೋಡಿಸಿಡಲು ಆರು ಮೂಲೆಯ ಬುಟ್ಟಿಗಳೇ ಬೇಕಾಗುತ್ತಿದ್ದವು. ಇಟ್ಟಿಗೆಯಾಕಾರದ್ದು 1963ರಲ್ಲಿ ಬಂದು ಆ ತೊಂದರೆ ನೀಗಿತು.

ಪಾಲಿಥೀನ್ ನೀರು ತಡೆದರೂ ಆಮ್ಲಜನಕ ತಡೆಯದು. ಬೆಳಕೂ ಒಳಗೆ ನುಸುಳಿ ಹಾಲಿನ ರೈಬೊಫ್ಲಾವಿನ್ ಕೆಡಿಸುತ್ತದೆ. ಎರಡಕ್ಕೂ ಸೇರಿ ಅಲ್ಯೂಮಿನಿಯಂ ಹಾಳೆ ಬಂತು. ದಪ್ಪ 6ರಿಂದ 7 ಮೈಕ್ರಾನ್, ತಲೆಗೂದಲಿನ ಹತ್ತರಲ್ಲಿ ಒಂದು ಪಾಲು. 1961ರಲ್ಲಿ ನಂಜುರಹಿತವಾಗಿ ತುಂಬುವ ಯಂತ್ರ ಸ್ವಿಟ್ಜರ್ಲೆಂಡಿನಲ್ಲಿ ಪ್ರದರ್ಶನಗೊಂಡಿತು. ಹಾಲನ್ನು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸುವುದು, ರಟ್ಟನ್ನು ಬೇರೆಯಾಗಿ ಬಿಸಿ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ತೊಳೆಯುವುದು, ಎರಡನ್ನೂ ಸೂಕ್ಷ್ಮಾಣುಗಳಿಲ್ಲದ ಕೋಣೆಯಲ್ಲಿ ಕೂಡಿಸುವುದು. ಅಮೆರಿಕದ ಎಫ್‌ಡಿಎ ಪೆರಾಕ್ಸೈಡ್ ಬಳಕೆಗೆ ಒಪ್ಪಿದ್ದು 1981ರಲ್ಲಿ. ಹಿಂದಿನ ಐವತ್ತು ವರ್ಷಗಳ ಆಹಾರ ವಿಜ್ಞಾನದಲ್ಲಿ ಹೀಗೆ ನಂಜುರಹಿತವಾಗಿ ತುಂಬುವುದೇ ಅತಿ ಮಹತ್ವದ ಹೊಸತು ಎಂದು ಅಲ್ಲಿನ ಆಹಾರ ತಂತ್ರಜ್ಞರ ಸಂಸ್ಥೆ 1989ರಲ್ಲಿ ಹೇಳಿತು. ನಾರಿಗೆ ಮಾತ್ರ ಹೊಸ ಪರೀಕ್ಷೆ ಎದುರಾಯಿತು. ಪೆರಾಕ್ಸೈಡಿನ ತೊಟ್ಟಿಯಲ್ಲಿ ಮುಳುಗಿದ ರಟ್ಟು ಅಂಚಿನಿಂದ ಅದನ್ನು ಹೀರಬಾರದು. ಹಾಗಾಗಿ ರಾಳ, ಎಕೆಡಿ ಮುಂತಾದ ನೀರೊಲ್ಲದ ಪದಾರ್ಥಗಳನ್ನು ತಿರುಳಿಗೇ ಬೆರೆಸಿ, ಅಂಚು ಎಷ್ಟು ಹೀರುತ್ತದೆ ಎಂಬುದನ್ನೇ ರಟ್ಟಿನ ಗುಣದ ಒಂದು ಅಳತೆಯಾಗಿ ಮಾಡಿಕೊಂಡರು.

ರಟ್ಟೆಂದರೆ ಒಂದೇ ಹಾಳೆಯಲ್ಲ

ಲೇಪಗಳ ಗಲಾಟೆಯಲ್ಲಿ ರಟ್ಟಿನ ಒಳಗೆ ನಡೆದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನನಗೆ ಈ ಇತಿಹಾಸದ ಅತ್ಯಂತ ಸೊಗಸಾದ ಭಾಗ ಇದೇ. ಹಾಳೆಯ ಬಾಗದಿರುವ ಗುಣ ಅದರ ದಪ್ಪದ ಘನಕ್ಕೆ ಅನುಗುಣ. ಅದೇ ವಸ್ತುವಿನಲ್ಲಿ ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟು. ಬಾಗಿಸುವಾಗ ಹೆಚ್ಚು ಒತ್ತಡ ಬೀಳುವುದು ಹೊರಮೈಗಳಿಗೆ, ನಡುವಿಗಲ್ಲ. ಹಾಗಿದ್ದರೆ ನಡುವೆ ದುಬಾರಿ ನಾರೇಕೆ? ಹೊರಪದರಗಳಿಗೆ ರಾಸಾಯನಿಕವಾಗಿ ಬೇಯಿಸಿದ ಬಲವಾದ ತಿರುಳು, ನಡುವಿಗೆ ಅರೆಬೆಂದು ಅರೆದ, ಹಗುರವಾಗಿ ಉಬ್ಬಿದ ಸಿಟಿಎಂಪಿ ತಿರುಳು. ಉಕ್ಕಿನ ತೊಲೆಯನ್ನು ಐ ಅಕ್ಷರದಂತೆ ಮಾಡುವ ಲೆಕ್ಕಾಚಾರವೇ ಇದು. ಕಡಿಮೆ ಮರದಲ್ಲಿ ಅಷ್ಟೇ ಬಿಗುವಿನ ಡಬ್ಬಿ ದೊರೆಯಿತು. ಇಲ್ಲಿಯೂ ಒಂದು ಬೆಲೆ ಇತ್ತು: ಅರೆದ ತಿರುಳಿನಲ್ಲಿ ಉಳಿದ ಮರದ ಕೊಬ್ಬಿನಂಶ ಗಾಳಿಗೆ ಕೆಟ್ಟು ಹೆಕ್ಸನಾಲ್ ಆಗಿ ಆಹಾರಕ್ಕೆ ಕಮಟು ಹತ್ತಿಸಬಲ್ಲದು. ಆದ್ದರಿಂದ ಮರದ ತಿರುಳನ್ನು ಚೆನ್ನಾಗಿ ತೊಳೆಯುವುದು ರುಚಿಯ ಪ್ರಶ್ನೆಯೂ ಆಯಿತು.

ಮಡಿಕೆಯ ಗೆರೆ ಇನ್ನೂ ವಿಚಿತ್ರ. ಒಳ್ಳೆಯ ಗೆರೆಯೆಂದರೆ ರಟ್ಟನ್ನು ಅಲ್ಲಿ ಬಲಪಡಿಸಿದ್ದಲ್ಲ, ಹದವಾಗಿ ಮುರಿದದ್ದು. ಒತ್ತಿದ ಕಡೆ ಒಳಪದರಗಳು ಒಂದರಿಂದೊಂದು ಬಿಟ್ಟುಕೊಂಡು, ಮಡಿಸಿದಾಗ ಸಣ್ಣ ಉಬ್ಬಾಗಿ ಒಳಕ್ಕೆ ಸರಿಯುತ್ತವೆ. ಹೊರಮೈ ಮಾತ್ರ ಹರಿಯಬಾರದು. ಪದರಗಳು ಬಿಡದೆ ಹೋದರೆ ಹೊರಮೈ ಬಿರಿಯುತ್ತದೆ, ಅದರೊಂದಿಗೆ ಪಾಲಿಥೀನ್, ಅಲ್ಯೂಮಿನಿಯಂ ಎರಡೂ ಬಿರಿಯುತ್ತವೆ. ಪದರಗಳ ನಡುವಿನ ಹಿಡಿತ ಎಷ್ಟು ಬೇಕೋ ಅಷ್ಟೇ ಇರುವಂತೆ ನೋಡಿಕೊಳ್ಳುವುದು ರಟ್ಟಿನ ಕಾರ್ಖಾನೆಯವರ ನಿತ್ಯದ ತಪಸ್ಸು.

ಹೊರಗಿನಿಂದ ಒಳಗೆ

ಸೋರುವುದು ಒಳಗಿನಿಂದ ಹೊರಕ್ಕಷ್ಟೇ ಎಂಬ ನಂಬಿಕೆ 2005ರಲ್ಲಿ ಕದಲಿತು. ಇಟಲಿಯಲ್ಲಿ ಶಿಶುಗಳ ಹಾಲಿನಲ್ಲಿ ಐಟಿಎಕ್ಸ್ ಎಂಬ ಶಾಯಿಯ ಅಂಶ ಪತ್ತೆಯಾಗಿ ಭಾರಿ ಪ್ರಮಾಣದ ಹಾಲನ್ನು ವಶಕ್ಕೆ ಪಡೆದರು. ಅಲ್ಯೂಮಿನಿಯಂ ಇದ್ದ ಪೊಟ್ಟಣಕ್ಕೆ ಹೊರಗಿನ ಶಾಯಿ ಹೊಕ್ಕಿದ್ದು ಹೇಗೆ? ಅದು ಪದರಗಳನ್ನು ತೂರಿ ಬರಲಿಲ್ಲ. ಅಚ್ಚಾದ ರಟ್ಟನ್ನು ಸುರುಳಿ ಸುತ್ತಿದಾಗ ಹೊರಮೈ ಮುಂದಿನ ಸುತ್ತಿನ ಒಳಮೈಗೆ ತಾಗಿ ಶಾಯಿ ಅಲ್ಲಿ ಹತ್ತಿಕೊಂಡಿತ್ತು. ಐರೋಪ್ಯ ಆಹಾರ ಸುರಕ್ಷಾ ಸಂಸ್ಥೆ ಆ ಪ್ರಮಾಣದಿಂದ ಆರೋಗ್ಯಕ್ಕೆ ಅಪಾಯ ಸಂಭವನೀಯವಲ್ಲ ಎಂದರೂ ಅದು ಇರಬಾರದ ವಸ್ತು ಎಂದಿತು, ಶಾಯಿಗಳು ಬದಲಾದವು. ಜ್ಯೂರಿಕ್‌ನ ಪ್ರಯೋಗಾಲಯದಲ್ಲಿ ಕೋನಿ ಗ್ರೋಬ್ ಮತ್ತು ಸಂಗಡಿಗರು ಇನ್ನೊಂದನ್ನು ತೋರಿಸಿದರು. ಮರುಬಳಕೆಯ ರಟ್ಟಿನಲ್ಲಿ ಹಳೆಯ ಪತ್ರಿಕೆಗಳ ಶಾಯಿಯಿಂದ ಉಳಿದ ಖನಿಜ ತೈಲ ಆವಿಯಾಗಿ, ಒಳಗಿನ ತೆಳು ಚೀಲವನ್ನೂ ದಾಟಿ, ಅಕ್ಕಿ ಶ್ಯಾವಿಗೆಯಂಥ ಒಣ ಪದಾರ್ಥಕ್ಕೆ ಸೇರುತ್ತದೆ. ಪತ್ರಿಕೆಯ ಹಾಳೆಯಲ್ಲಿ ಬಜ್ಜಿ ಕಟ್ಟಿಕೊಡುವ ನಮಗೆ ಇದು ದೂರದ ಸುದ್ದಿಯಲ್ಲ. ಆಹಾರ ಸುತ್ತಲು ಪತ್ರಿಕೆ ಬಳಸಬಾರದೆಂದು ಭಾರತದ ಎಫ್‌ಎಸ್‌ಎಸ್‌ಎಐ 2018ರ ನಿಯಮಗಳಲ್ಲಿ ಹೇಳಿದೆ.

ಎಣ್ಣೆ ಜಿಡ್ಡು ತಡೆಯಲು ಬಳಸುತ್ತಿದ್ದ ಫ್ಲೋರಿನ್‌ಯುಕ್ತ ಲೇಪಗಳಿಗೂ ನಿರ್ಬಂಧ ಬಂತು. ಡೆನ್ಮಾರ್ಕ್ 2020ರ ಜುಲೈನಿಂದ ಅವನ್ನು ಆಹಾರದ ಕಾಗದದಿಂದ ಹೊರಗಿಟ್ಟಿತು.

ನಮ್ಮ ಮಳೆಗಾಲಕ್ಕೆ

ಭಾರತದಲ್ಲಿ ಇಟ್ಟಿಗೆಯಾಕಾರದ ರಟ್ಟಿನ ಪೊಟ್ಟಣ ಮನೆಮಾತಾದದ್ದು 1985ರಲ್ಲಿ ಬಂದ ಫ್ರೂಟಿಯಿಂದ. ಕರ್ನಾಟಕದಲ್ಲಿ ನಂದಿನಿ ಗುಡ್‌ಲೈಫ್ ಹಾಲು ಅದರ ಒಂದು ಮುಖ. 2007ರಲ್ಲಿ ಸಾರಾಯಿ ನಿಷೇಧವಾದ ಮೇಲೆ ಅಗ್ಗದ ಮದ್ಯದ 90 ಮಿ.ಲೀ. ಪೊಟ್ಟಣ ಇನ್ನೊಂದು ಮುಖ. ಎಷ್ಟೋ ಹಳ್ಳಿಗಳಲ್ಲಿ 'ಟೆಟ್ರಾ' ಎಂದರೆ ಹಾಲು ನೆನಪಾಗುವುದಿಲ್ಲ. ತೂಕದಲ್ಲಿ ಮುಕ್ಕಾಲು ಪಾಲು ಒಳ್ಳೆಯ ನಾರಿದ್ದರೂ ಉಳಿದ ಪ್ಲಾಸ್ಟಿಕ್, ಅಲ್ಯೂಮಿನಿಯಂ ಅದಕ್ಕೆ ಬಿಗಿದುಕೊಂಡಿರುವುದರಿಂದ ಹಳೆಯ ಪತ್ರಿಕೆಯ ಜೊತೆ ಇದನ್ನು ಹಾಕುವಂತಿಲ್ಲ. ನೀರಿನಲ್ಲಿ ಕಡೆದು ನಾರು ಬಿಡಿಸುವ ಪ್ರತ್ಯೇಕ ಕಾರ್ಖಾನೆ ಬೇಕು. 2022ರ ಜುಲೈನಲ್ಲಿ ಪ್ಲಾಸ್ಟಿಕ್ ಸ್ಟ್ರಾ ನಿಂತು ಕಾಗದದ ಸ್ಟ್ರಾ ಬಂದಾಗ, ಒದ್ದೆಯಾಗಿ ಮೆದುವಾಗುವ ಆ ಹಳೆಯ ತೊಡಕನ್ನು ಮಕ್ಕಳೂ ಬಾಯಲ್ಲೇ ಕಂಡರು.

ಈಗ ಯತ್ನವೆಲ್ಲ ಅಲ್ಯೂಮಿನಿಯಂ ಹಾಳೆ ತೆಗೆಯುವುದರ ಕಡೆಗೆ. ಪೊಟ್ಟಣ ತಯಾರಿಸುವ ಎಸ್‌ಐಜಿ ಕಂಪನಿ 2010ರಲ್ಲಿ ಆ ಹಾಳೆಯಿಲ್ಲದ ಪೊಟ್ಟಣವೊಂದನ್ನು ತಂದಿತು. 2023ರಲ್ಲಿ ಪೋರ್ಚುಗಲ್ಲಿನ ಹಾಲಿಗೆ ಟೆಟ್ರಾ ಪ್ಯಾಕ್ ಕಾಗದಾಧಾರಿತ ತಡೆಯ ಪೊಟ್ಟಣ ಕೊಟ್ಟಿತು. ಅಲ್ಯೂಮಿನಿಯಂಗೆ ಬದಲಾಗಿ ಆಮ್ಲಜನಕ ತಡೆಯಬಲ್ಲ ಇವಿಒಎಚ್, ಪಿವಿಒಎಚ್‌ನಂಥ ವಸ್ತುಗಳ ಶಕ್ತಿ ಗಾಳಿಯ ತೇವ ಏರಿದಂತೆ ಇಳಿಯುತ್ತದೆ. ಕಾಗದದ ಪರೀಕ್ಷೆಯ ಅಂತರರಾಷ್ಟ್ರೀಯ ವಾತಾವರಣ 23 ಡಿಗ್ರಿ ಶಾಖ, ಶೇ. 50 ತೇವ. ಆಷಾಢದ ಉಡುಪಿಯ ಗೋದಾಮಿನಲ್ಲಿ ಅಂಥ ಗಾಳಿ ಸಿಗದು. ಮೈಸೂರಿನ ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಕೇಂದ್ರಗಳಿಗೆ ಪರಿಚಿತವಾದ 38 ಡಿಗ್ರಿ, ಶೇ. 90 ತೇವದ ಪರೀಕ್ಷೆ ನಮ್ಮ ಕರಾವಳಿಗೆ ಹೆಚ್ಚು ಹತ್ತಿರ. ಅಲ್ಲಿಯೂ ಒಂದು ಮಾರ್ಪಾಡು ಬೇಕು. ಮಡಿಸಿ, ಬೆಸೆದು, ತುಂಬಿದ ಪೊಟ್ಟಣವನ್ನೇ ಇಟ್ಟು ಅಳೆಯಬೇಕು. ತಟ್ಟೆಯ ಪದ್ಧತಿಯಲ್ಲಿ ನೀರಾವಿ ಅಳೆಯುವಾಗ ರಟ್ಟಿನ ಚಪ್ಪಟೆ ಬಿಲ್ಲೆಯ ಸುತ್ತ ಕರಗಿದ ಮೇಣ ಸುರಿದು ಅಂಚನ್ನು ಮುಚ್ಚಿಬಿಡುತ್ತಾರೆ.