ಗಾಳ, ಹರಿಗೋಲು, ಬಾಂದಾರ: ಮೇಲ್ಕೃಷ್ಣೆಯ ಮೀನುಗಾರಿಕೆ ಸಲಕರಣೆಗಳ ಚರಿತ್ರೆ

ಪ್ರಸ್ತಾವನೆ

ಮುಂಗಾರು ಜೋರು ಹಿಡಿಯಿತೆಂದರೆ ಬೆಳಗಾವಿ ಜಿಲ್ಲೆಯ ಗಡಿಭಾಗದಿಂದ ಪ್ರತಿ ವರ್ಷ ಒಂದೇ ಸುದ್ದಿ ಬರುತ್ತದೆ: ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಸಿದ್ನಾಳ–ಅಕ್ಕೋಳ, ಜತ್ರಾಟ–ಭೀವಶಿ ಸೇತುವೆಗಳು ಮುಳುಗಿವೆ. ಇವು ತಗ್ಗಿನ ಸೇತುವೆಗಳು. ಹಲವು ಕಡೆ ನೀರು ತಡೆದು ನಿಲ್ಲಿಸುವ ಬಾಂದಾರದ ನೆತ್ತಿಯ ಮೇಲೆಯೇ ದಾರಿ ಹಾದಿದೆ. ಅವು ಮುಳುಗಿದ ದಿನ ಊರಿನವರಿಗೆ ಸಂಚಾರ ಕಡಿದ ದಿನ, ಹೊಳೆಯನ್ನು ನಂಬಿದ ಮೀನುಗಾರರಿಗೆ ಬಲೆ, ಗಾಳ, ತೆಪ್ಪಗಳ ಲೆಕ್ಕವನ್ನೆಲ್ಲ ಬದಲಿಸಿಕೊಳ್ಳಬೇಕಾದ ದಿನ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಹೊಳೆದಂಡೆಯಲ್ಲಿ ಮೀನು ಹಿಡಿಯುವ ಸಲಕರಣೆಗಳ ಆಯ್ಕೆ ಹೇಗೆ ರೂಪುಗೊಂಡಿತು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಇಲ್ಲಿಯ ವಾದ ಇಷ್ಟು: ಗಾಳದ ಚರಿತ್ರೆಯೂ ದೋಣಿಯ ಚರಿತ್ರೆಯೂ ದಾಖಲೆಗಳಲ್ಲಿ ಬಹುಕಾಲ ಬೇರೆ ಬೇರೆಯಾಗಿ ಹರಿದು ಬಂದಿವೆ. ಮೊದಲನೆಯದು ಅರಸರ ಮತ್ತು ಅಧಿಕಾರಿಗಳ ವಿನೋದದ ಬರಹಗಳಲ್ಲಿ ಸಿಗುತ್ತದೆ, ಎರಡನೆಯದು ಕಡವು ಮತ್ತು ದಂಡಿನ ದಾಖಲೆಗಳಲ್ಲಿ. ಇವೆರಡನ್ನೂ ಈ ಸೀಮೆಯಲ್ಲಿ ನಿತ್ಯದ ಕಸುಬಾಗಿ ಹತ್ತಿರ ತಂದದ್ದು ಇಪ್ಪತ್ತನೆಯ ಶತಮಾನದ ನಿಂತ ನೀರು, ಎಂದರೆ ಬಾಂದಾರ.

ಪ್ರದೇಶ ಮತ್ತು ಆಕರಗಳ ಸ್ವರೂಪ

ಪಂಚಗಂಗೆಯನ್ನು ನರಸೋಬವಾಡಿಯಲ್ಲಿ ಕೂಡಿಸಿಕೊಂಡ ಕೃಷ್ಣೆ ಕಾಗವಾಡ ಮತ್ತು ಚಿಕ್ಕೋಡಿ ತಾಲ್ಲೂಕುಗಳ ನಡುವೆ ಕರ್ನಾಟಕಕ್ಕೆ ಇಳಿಯುತ್ತದೆ. ಕಲ್ಲೋಳದ ಬಳಿ ದೂಧಗಂಗೆ ಅದನ್ನು ಸೇರುತ್ತದೆ. ಅದಕ್ಕೂ ಮೇಲೆ, ನಿಪ್ಪಾಣಿ ಭಾಗದ ಭೋಜ ಗ್ರಾಮದ ಹತ್ತಿರ ವೇದಗಂಗೆ ದೂಧಗಂಗೆಯೊಳಗೆ ಬೆರೆತಿರುತ್ತದೆ. ಮುಂದೆ ಕೃಷ್ಣೆ ಕುಡಚಿ, ಉಗಾರಗಳನ್ನು ಹಾದು ಅಥಣಿಯ ಕೆಳಬದಿಯ ಹಿಪ್ಪರಗಿಯತ್ತ ಸಾಗುತ್ತದೆ. ಸಹ್ಯಾದ್ರಿಯಲ್ಲಿ ಬಿದ್ದ ಮಳೆ ಈ ಬಯಲಿಗೆ ಪ್ರವಾಹವಾಗಿ ಬರುತ್ತದೆ. ಅಥಣಿಯಲ್ಲಿ ಹನಿ ಬೀಳದ ದಿನವೂ ಹೊಳೆ ದಡ ಮೀರಬಹುದು. ಮೀನುಗಾರಿಕೆಯ ಕಾಲಗಣನೆ ಇಲ್ಲಿ ಆಕಾಶಕ್ಕಿಂತ ಹೊಳೆಯನ್ನು ನೋಡಿ ನಡೆಯುವುದಕ್ಕೆ ಇದೇ ಕಾರಣ.

ಆಕರಗಳ ಹುಡುಕಾಟದಲ್ಲಿ ಆಡಳಿತದ ಗಡಿಗಳನ್ನು ಮರೆಯುವಂತಿಲ್ಲ. ನಿಪ್ಪಾಣಿ ಮತ್ತು ಕಾಗವಾಡ ತೀರ ಈಚಿನ ತಾಲ್ಲೂಕುಗಳು. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಹೀಗಾಗಿ 1884ರ ಬೆಳಗಾವಿ ಗ್ಯಾಝೆಟಿಯರ್ ಒಂದನ್ನೇ ಹಿಡಿದು ಕೂತವರಿಗೆ ಈ ಹೊಳೆಯ ಅರ್ಧ ಚಿತ್ರ ಮಾತ್ರ ಸಿಕ್ಕೀತು. ಕೊಲ್ಹಾಪುರದ ಸಂಪುಟವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಸಮಾಜದ ಚಿತ್ರವೂ ಏಕರೂಪದ್ದಲ್ಲ. ಅಂಬಿಗ, ಭೋಯಿ, ಕೋಳಿ ಸಮುದಾಯಗಳ ಬದುಕು ನೀರಿನ ಮೇಲಿದ್ದರೆ, ಅದೇ ದಂಡೆಯ ಹಳ್ಳಿಗಳಲ್ಲಿ ಅಹಿಂಸೆಯನ್ನು ವ್ರತವಾಗಿ ಪಾಲಿಸುವ ಜೈನ ರೈತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಆಚಾರ್ಯ ಶಾಂತಿಸಾಗರರ ಬಾಲ್ಯ ಕಳೆದದ್ದು ಭೋಜದಲ್ಲಿ; ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಜನಿಸಿದ್ದು ಸದಲಗಾದಲ್ಲಿ. ಮೀನುಗಾರಿಕೆ ಇಲ್ಲಿ ಊರೆಲ್ಲರ ಕೆಲಸವಾಗದೆ ಕೆಲವರ ಕುಲಕಸುಬಾಗಿಯೇ ಉಳಿಯಿತು. ಬರಹ ಬಲ್ಲವರ ಲೇಖನಿ ಅದರತ್ತ ಅಪರೂಪಕ್ಕೆ ಹೊರಳಿತು.

ಅರಸನ ಗಾಳ

ಕನ್ನಡ ನಾಡಿನಲ್ಲಿ ಗಾಳದ ಮೀನುಗಾರಿಕೆಯನ್ನು ಶಾಸ್ತ್ರವಾಗಿ ಬರೆದಿಟ್ಟ ಗ್ರಂಥ ಹುಟ್ಟಿದ್ದು ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ. ಮೂರನೆಯ ಸೋಮೇಶ್ವರನ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದ ಕಾಲ ಸುಮಾರು 1129. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ನಾಲ್ಕನೆಯದಾದ ವಿನೋದ ವಿಂಶತಿಯಲ್ಲಿ ಮತ್ಸ್ಯವಿನೋದ ಬರುತ್ತದೆ. ಮೀನುಗಳನ್ನು ಸಮುದ್ರದವು ಮತ್ತು ನದಿಯವು, ಹುರುಪೆಯುಳ್ಳವು ಮತ್ತು ಬರಿಚರ್ಮದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ, ಅದನ್ನು ಗಾಳದಿಂದ ಹೇಗೆ ಹಿಡಿಯಬೇಕು ಎಂಬುದನ್ನು ಅದು ವಿವರಿಸುತ್ತದೆ. ಮೊದಲು ಒಂದೆಡೆ ಉಂಡೆ ಹಾಕಿ ಮೀನು ನೆರೆಯುವಂತೆ ಮಾಡುವುದು, ಆಮೇಲೆ ಗಾಳ ಬಿಡುವುದು ಅದರ ಕ್ರಮ.

ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಈ ಗ್ರಂಥ ಅಚ್ಚಾದ ಮೇಲೆ, ಭಾರತೀಯ ಮತ್ಸ್ಯವಿಜ್ಞಾನದ ಹಿರಿಯ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು. 2005ರಲ್ಲಿ ನಳಿನಿ ಸಾಧಲೆ ಮತ್ತು ವೈ. ಎಲ್. ನೆನೆ ಮತ್ತೆ ಅದನ್ನು ಪರಿಶೀಲಿಸಿದರು. ಹೋಲಿಕೆಗೆ ಹೇಳುವುದಾದರೆ, ಗಾಳದ ಬಗ್ಗೆ ಇಂಗ್ಲಿಷಿನ ಮೊದಲ ಮುದ್ರಿತ ಪ್ರಬಂಧ ಬಂದದ್ದು 1496ರಲ್ಲಿ, ಐಸಾಕ್ ವಾಲ್ಟನ್ನನ ಹೆಸರಾಂತ ಪುಸ್ತಕ 1653ರಲ್ಲಿ.

ಇಷ್ಟಾದರೂ ಮತ್ಸ್ಯವಿನೋದವನ್ನು ಕೃಷ್ಣಾತೀರದ ಕಸುಬಿನ ನೇರ ವರ್ಣನೆಯೆಂದು ಓದಲಾಗದು. ಅದರಲ್ಲಿ ಕಡಲಮೀನುಗಳೂ ಇವೆ. ಅದರ ನಾಯಕ ಹಸಿವಿಲ್ಲದ ಅರಸ. ಆದರೆ ಮೀನಿನ ಸ್ವಭಾವಕ್ಕೆ ತಕ್ಕ ಎರೆ ಎಂಬ ತತ್ವ ಆಸ್ಥಾನದಲ್ಲಿ ಹುಟ್ಟಿರಲಾರದು. ಹೊಳೆಯಲ್ಲಿ ನಿತ್ಯ ನಿಂತವರಿಂದಲೇ ಅದು ಅರಮನೆಗೆ ಹೋಗಿರಬೇಕು. ಹೇಳಿದವರ ಹೆಸರು ಗ್ರಂಥದಲ್ಲಿಲ್ಲ.

ಅಂಬಿಗನ ಹರಿಗೋಲು

ದೋಣಿಯ ಸಾಕ್ಷ್ಯ ಬೇರೆಡೆಯಿಂದ ಬರುತ್ತದೆ. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಅಂಕಿತವೇ ದೋಣಿ ನಡೆಸುವ ಕಾಯಕವನ್ನು ಸಾರುತ್ತದೆ. ಹರಿಗೋಲಿನ ಸ್ಪಷ್ಟ ವರ್ಣನೆಯನ್ನು ಕೊಟ್ಟವನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ದುಂಡನೆಯ ದೋಣಿ, ಹದಿನೈದಿಪ್ಪತ್ತು ಮಂದಿಯನ್ನು ಹೊರುವಂಥದು, ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುವಂಥದು ಎಂದು ಅವನು ಬರೆದ. 1803ರ ಮರಾಠಾ ಯುದ್ಧದ ಹೊತ್ತಿಗೆ ಕರ್ನಾಟಕದ ಹೊಳೆಗಳನ್ನು ದಾಟಿ ಪುಣೆಗೆ ನಡೆದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿಯೂ ಚರ್ಮದ ಬುಟ್ಟಿದೋಣಿಗಳ ಸಿದ್ಧತೆಯ ಮಾತಿದೆ. ದೋಣಿಗಳ ಚರಿತ್ರೆಕಾರ ಜೇಮ್ಸ್ ಹಾರ್ನೆಲ್ 1933ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆದರು.

ಈ ದಾಖಲೆಗಳು ಮಾತಾಡುವುದು ದಾಟುವ ದೋಣಿಯ ಬಗ್ಗೆ. ಹರಿಗೋಲಿನಲ್ಲಿ ಕೂತು ಬಲೆ ಹಾಸುವವನು ಅವುಗಳ ಅಂಚಿನಲ್ಲಿಯೂ ಕಾಣುವುದಿಲ್ಲ. ಆದರೆ ರಚನೆಯನ್ನು ಗಮನಿಸಿದರೆ ಅದು ಮೀನುಗಾರನಿಗೆ ಏಕೆ ಒಗ್ಗಿತೆಂದು ತಿಳಿಯುತ್ತದೆ. ಅದರ ತಳ ಚಪ್ಪಟೆ. ಮೊಣಕಾಲುದ್ದ ನೀರಿನಲ್ಲಿಯೂ ತೇಲುತ್ತದೆ. ಮುಂತುದಿ ಹಿಂತುದಿ ಎಂಬ ಭೇದವಿಲ್ಲದ ಕಾರಣ ಯಾವ ಬದಿಯಿಂದ ಬೇಕಾದರೂ ಬಲೆ ಬಿಡಬಹುದು, ಎತ್ತಬಹುದು. ಒಬ್ಬನೇ ತಲೆಯ ಮೇಲೆ ಹೊತ್ತು ಕಪ್ಪುಮಣ್ಣಿನ ಕಡಿದಾದ ದಡ ಹತ್ತಬಹುದು. ದೋಷವೂ ಆಕಾರದಲ್ಲೇ ಇದೆ: ಎದುರು ಹರಿವಿನಲ್ಲಿ ಅದು ಮುಂದೆ ಸಾಗದೆ ಸುತ್ತುತ್ತದೆ.

ಉತ್ತರಧ್ರುವ ಪ್ರದೇಶದ ಇನುಯಿಟ್ ಜನರ ಕಯಾಕ್ ಇದೇ ತತ್ವದ ಮೇಲೆ ಕಟ್ಟಿದ ದೋಣಿ: ಹಗುರ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮದ ಹೊದಿಕೆ. ಬೇಟೆಯನ್ನು ಬೆನ್ನಟ್ಟಬೇಕಾದ ಅವರು ಅದನ್ನು ಉದ್ದಕ್ಕೆ, ಇಕ್ಕಟ್ಟಾಗಿ ಕಟ್ಟಿದರು. ಹೊರೆ ದಾಟಿಸಬೇಕಾದ ನಮ್ಮವರು ದುಂಡಗೆ ಹೆಣೆದರು.

ಪಟ್ಟಿ ಮಾಡಿದವರು, ಕಾಯ್ದೆ ಮಾಡಿದವರು

ದಖ್ಖನದ ಹೊಳೆಮೀನುಗಳನ್ನು ವಿಜ್ಞಾನದ ಪಟ್ಟಿಗೆ ತಂದ ಮೊದಲಿಗರಲ್ಲಿ ವಿಲಿಯಂ ಹೆನ್ರಿ ಸೈಕ್ಸ್ ಮುಖ್ಯ. ಮುಂಬಯಿ ಸರ್ಕಾರದ ಅಂಕಿಅಂಶಾಧಿಕಾರಿಯಾಗಿ ಪುಣೆಯ ಸುತ್ತಲಿನ ಭೀಮಾ ಕಣಿವೆಯಲ್ಲಿ ಅವನು ಸಂಗ್ರಹಿಸಿದ ಮೀನುಗಳ ವಿವರಣೆ 1839–41ರ ನಡುವೆ ಪ್ರಕಟವಾಯಿತು. ದಖ್ಖನದ ಮಹಸೀರ್ ‘ಖುದ್ರೀ’, ಮೂತಿ ಸೀಳಿದಂತಿರುವ ‘ನುಕ್ತಾ’, ‘ಕೋಲುಸ್’, ‘ಪೊಟೇಲ್’ ಮುಂತಾದ ವೈಜ್ಞಾನಿಕ ಹೆಸರುಗಳೆಲ್ಲ ಅವನಿಗೆ ಸ್ಥಳೀಯ ಮೀನುಗಾರರ ಬಾಯಿಂದ ಸಿಕ್ಕವು. ಮೇಲ್ಕೃಷ್ಣೆಯ ಮೀನುಸಂಪತ್ತನ್ನು ಅರಿಯಲು ಕಲಾವಾರ್ ಮತ್ತು ಕೇಳಕರ್ 1956ರಲ್ಲಿ ಪ್ರಕಟಿಸಿದ ಕೊಲ್ಹಾಪುರದ ಮೀನುಗಳ ಪಟ್ಟಿ ಇಂದಿಗೂ ಮುಖ್ಯ ಆಧಾರ.

ಗಾಳವನ್ನು ಮತ್ತೆ ವಿನೋದದ ವಸ್ತುವಾಗಿಸಿದವರು ಇಂಗ್ಲಿಷ್ ಅಧಿಕಾರಿಗಳು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆಯ ಮೇಲೆ ಪ್ರಕಟಿಸಿದ ಪುಸ್ತಕ ಆ ವರ್ಗದವರಿಗೆ ಕೈಪಿಡಿಯಾಯಿತು. ಅದೇ ಥಾಮಸ್ ಹೊಳೆಗಳಲ್ಲಿ ಮರಿಮೀನುಗಳ ನಾಶದ ಬಗ್ಗೆಯೂ ಬರೆದ. ಅದೇ ವರ್ಷ ಫ್ರಾನ್ಸಿಸ್ ಡೇ ಸಿಹಿನೀರಿನ ಮೀನುಗಾರಿಕೆಯ ಮೇಲೆ ಸರ್ಕಾರಕ್ಕೆ ಸಲ್ಲಿಸಿದ ವರದಿ ಸಣ್ಣ ಕಣ್ಣಿನ ಬಲೆ, ಒಡ್ಡಿಗೆ ಕಟ್ಟಿದ ಬೋನುಗಳತ್ತ ಬೆರಳು ತೋರಿತು. ಇಂಥ ಚರ್ಚೆಗಳ ತರುವಾಯ ಬಂದದ್ದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆ. ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು ಅದು ಅಪರಾಧವಾಗಿಸಿತು. ಸ್ಥಿರ ಬೋನು, ಒಡ್ಡು, ಬಲೆಯ ಅಳತೆ ಮತ್ತು ಬಗೆಗಳ ಮೇಲೆ ನಿಯಮ ಮಾಡುವ ಅಧಿಕಾರವನ್ನು ಪ್ರಾಂತೀಯ ಸರ್ಕಾರಗಳಿಗೆ ಕೊಟ್ಟಿತು.

ಸಲಕರಣೆಯ ಆಯ್ಕೆಯನ್ನು ಹೊಳೆ ಮತ್ತು ಕೈಚಳಕಗಳ ಜೊತೆಗೆ ಸರ್ಕಾರವೂ ನಿರ್ಧರಿಸತೊಡಗಿದ್ದು ಇಲ್ಲಿಂದ. ಕಾಯ್ದೆಯ ಕಣ್ಣು ಬಲೆ ಬೋನುಗಳ ಮೇಲಿತ್ತು. ಗಾಳ ಅದರ ಹೊರಗೆ ಉಳಿಯಿತು. ಗಾಳ ಸಭ್ಯ ಸಾಧನ, ಬಲೆ ಸಂಶಯಾಸ್ಪದ ಸಾಧನ ಎಂಬ ತಾರತಮ್ಯ ಅಧಿಕಾರಿಗಳ ವಿನೋದದಿಂದ ಕಾನೂನಿನ ಒಳಗೂ ನುಸುಳಿತು.

ನೈಲಾನ್ ಮತ್ತು ನಿಂತ ನೀರು

ಇಪ್ಪತ್ತನೆಯ ಶತಮಾನದ ನಡುವೆ ಎರಡು ಬದಲಾವಣೆಗಳು ಹೆಚ್ಚುಕಡಿಮೆ ಒಟ್ಟಿಗೆ ಬಂದವು. ಮೊದಲನೆಯದು ನೂಲಿನದು. ಹತ್ತಿ, ಸೆಣಬಿನ ಬಲೆ ನೀರಿನಲ್ಲಿ ಕೊಳೆಯುತ್ತಿತ್ತು. ಅದನ್ನು ಆಗಾಗ ಒಣಗಿಸಿ, ಮರದ ತೊಗಟೆಯ ಚೊಗರಿನಲ್ಲಿ ಅದ್ದಿ ಬಾಳಿಕೆ ಹೆಚ್ಚಿಸಬೇಕಿತ್ತು. 1938ರಲ್ಲಿ ಅಮೆರಿಕದಲ್ಲಿ ಪ್ರಕಟಗೊಂಡ ನೈಲಾನ್ ಭಾರತದ ಮೀನುಗಾರರಿಗೆ ತಲುಪಿದ್ದು ಸ್ವಾತಂತ್ರ್ಯದ ಬಳಿಕ. 1957ರಲ್ಲಿ ಕೊಚ್ಚಿಯಲ್ಲಿ ಆರಂಭವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಕೃತಕ ನೂಲಿನ ಬಲೆಗಳ ಪ್ರಯೋಗ ಮತ್ತು ಪ್ರಚಾರ ಕೈಗೊಂಡಿತು. ಸಣ್ಣ, ಕಣ್ಣಿಗೆ ಕಾಣದ, ಕೊಳೆಯದ ಎಳೆ ಕಂತುಬಲೆಗೂ ಗಾಳಕ್ಕೂ ಒಟ್ಟಿಗೆ ಒದಗಿತು.

ಎರಡನೆಯದು ನೀರಿನ ಬದಲಾವಣೆ. ಕೊಲ್ಹಾಪುರ ಮಾದರಿಯ ಬಾಂದಾರದಲ್ಲಿ ಕಲ್ಲಿನ ಕಂಬಗಳ ನಡುವಿನ ಕಿಂಡಿಗಳಿಗೆ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಮುಂಗಾರಿಗೆ ಮುನ್ನ ತೆಗೆದು ಪ್ರವಾಹಕ್ಕೆ ದಾರಿ ಬಿಡುತ್ತಾರೆ. ವೇದಗಂಗೆ, ದೂಧಗಂಗೆ, ಕೃಷ್ಣೆಗಳ ಮೇಲೆ ಕಬ್ಬಿನ ನೀರಾವರಿಗಾಗಿ ಸಾಲಾಗಿ ಎದ್ದ ಇಂಥ ಒಡ್ಡುಗಳು ಹೊಳೆಯ ಬೇಸಿಗೆಯನ್ನೇ ಬದಲಿಸಿದವು. ಹಿಂದೆ ಮಡುಗಳಾಗಿ ಒಡೆದು ಕಾಲ್ನಡಿಗೆಯಲ್ಲಿ ದಾಟುವಂತಾಗುತ್ತಿದ್ದ ಹೊಳೆ, ತಿಂಗಳುಗಟ್ಟಲೆ ಆಳವಾಗಿ ನಿಲ್ಲತೊಡಗಿತು.

ಸೇತುವೆಗಳು ಬಂದು ಕಡವಿನ ದೋಣಿಯ ಕೆಲಸ ಕುಗ್ಗಿದ ಕಾಲದಲ್ಲೇ ನಿಂತ ನೀರು ಅದಕ್ಕೆ ಹೊಸ ಕೆಲಸ ಕೊಟ್ಟಿತು. ಬಿದಿರ ಬುಟ್ಟಿಗೆ ಚರ್ಮದ ಬದಲು ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂತು, ಆಮೇಲೆ ಫೈಬರ್ ತೆಪ್ಪ. ಅದೂ ಇಲ್ಲದವರಿಗೆ ಲಾರಿಯ ಟ್ಯೂಬ್ ಮತ್ತು ಥರ್ಮೋಕೋಲ್ ಹಲಗೆ ಆಸರೆಯಾದವು.

ಮೀನಿನ ಬಳಗವೂ ಬದಲಾಯಿತು. ಮೊಜಾಂಬಿಕ್ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಚುಚ್ಚುಮದ್ದಿನಿಂದ ಗೆಂಡೆಮೀನುಗಳ ಮರಿ ಮಾಡಿಸುವುದರಲ್ಲಿ ಯಶಸ್ವಿಯಾದ ಬಳಿಕ ಗಂಗಾ ಬಯಲಿನ ಕಾಟ್ಲಾ, ರೋಹು ದಖ್ಖನದ ಜಲಾಶಯಗಳಿಗೆ ಹರಡಿದವು. ಹರಿವನ್ನು ಬೇಡುವ ಮಹಸೀರ್, ನುಕ್ತಾ ಹಿಂದೆ ಸರಿದವು. ಮಡುವನ್ನು ಸಹಿಸುವವು ಉಳಿದವು.

ಮರಳ ಮತ್ತು ಹಂಗಾಮಿನ ಪ್ರಶ್ನೆ

ಅಮೆರಿಕದ ಕೆರೆಗಳಲ್ಲಿ ವಸಂತದ ಆರಂಭಕ್ಕೆ ಜನ ಕಯಾಕ್ ಇಳಿಸಿ ಬಾಸ್ ಮೀನನ್ನು ಅರಸುತ್ತಾರೆ. ಬಾಸ್ ಕೃಷ್ಣೆಯ ಮೀನಲ್ಲ. ಅದರ ಜಾಗದಲ್ಲಿ ಇಲ್ಲಿ ನಿಲ್ಲುವುದು ಗಡಿಭಾಗದವರು ಮರಳ ಎನ್ನುವ, ಬೇರೆಡೆ ಕುಚ್ಚು, ಕೊರವ ಎಂದು ಕರೆಯುವ ಮೀನು. ಎರಡೂ ಕಳೆಯ ಮರೆಯಲ್ಲಿ ಹೊಂಚಿ ಕೂತು ಎರಗುತ್ತವೆ, ಎರಡೂ ಮರಿಗಳನ್ನು ಕಾಯುತ್ತವೆ. ಮರಳಕ್ಕೆ ಗಾಳಿ ಸೇವಿಸುವ ಅಂಗವಿದ್ದು ಉಸಿರಿಗಾಗಿ ಆಗಾಗ ಮೇಲೆ ಬರಲೇಬೇಕು. ನೀರ ಮೇಲಿನ ಆ ಗುಳುಕು ಬಲ್ಲವನಿಗೆ ಸಾಕು.

ಸಲಕರಣೆಯ ಆಯ್ಕೆ ಇಲ್ಲಿ ಮೂರು ನೀರುಗಳನ್ನು ಅನುಸರಿಸುತ್ತದೆ. ಕೆಂಪಗೆ ನುಗ್ಗುವ ಹೊಸನೀರಿನಲ್ಲಿ ಮೀನಿನ ಕಣ್ಣು ನಡೆಯದು, ಮೂಗು ನಡೆಯುತ್ತದೆ. ಆಗ ಎರೆಹುಳು, ಹಿಟ್ಟಿನುಂಡೆ, ನಾರುವ ಎರೆಗಳ ಕಾಲ. ಹಳ್ಳದ ಬಾಯಿಯಲ್ಲಿ ಬೀಸುಬಲೆ ಮತ್ತು ಕೂಳಿ ಹೊಳೆಗಿಂತ ಹೆಚ್ಚು ಫಲ ಕೊಡುತ್ತವೆ, ದೋಣಿ ದಡದಲ್ಲಿರುವುದೇ ಕ್ಷೇಮ. ನೀರು ಇಳಿಯುವಾಗ ದಂಡೆಯ ತಗ್ಗುಗಳಲ್ಲಿ ಸಿಕ್ಕಿಕೊಂಡ ಮೀನಿಗೆ ಕಂತುಬಲೆ. ಹಲಗೆ ಇಳಿದು ನೀರು ತಿಳಿಯಾದ ಮೇಲೆ ಕಣ್ಣಿಗೆ ಆಸೆ ತೋರುವ ಸಾಧನಗಳ ಸರದಿ: ಜೀವಂತ ಕಪ್ಪೆ, ಅಥವಾ ಈಚೆಗೆ ಪೇಟೆಯಲ್ಲಿ ಸಿಗುವ ರಬ್ಬರ್ ಕಪ್ಪೆ. ದಕ್ಷಿಣ ಅಮೆರಿಕದಿಂದ ಬಂದ ಜಲಕುಂಭಿ ಹಬ್ಬಿದ ಕಡೆ ಕೊಕ್ಕೆಯ ತುದಿ ಮುಚ್ಚಿದ ಗಾಳ, ದಪ್ಪ ದಾರ ಬೇಕು. ಇಲ್ಲದಿದ್ದರೆ ಮರಳ ಬೇರುಗಳೊಳಗೆ ನುಗ್ಗಿ ದಾರ ಹರಿಯುತ್ತದೆ. ದುಂಡನೆಯ ತೆಪ್ಪದಿಂದ ಗಾಳ ಎಸೆದಾಗ ತೆಪ್ಪವೇ ತಿರುಗುತ್ತದೆ. ಉದ್ದನೆಯ ದೋಣಿ ದಿಕ್ಕು ಹಿಡಿದು ನಿಲ್ಲುತ್ತದೆ. ಬಲೆಗೆ ತೆಪ್ಪ, ಎಸೆಗಾಳಕ್ಕೆ ಕಯಾಕ್ ಎಂಬ ವಿಭಾಗ ಅಭಿರುಚಿಯ ಮಾತಲ್ಲ, ಆಕಾರದ ಪರಿಣಾಮ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಟ್ಯೂಬಿನ ಮೇಲೆ ಕಾಲು ಇಳಿಬಿಟ್ಟು ಕೂರುವವನಿಗೆ ಈ ಸಂಗತಿಯೂ ಆಯ್ಕೆಯ ಭಾಗವೇ.

ಮರಳದ ಮುಖ್ಯ ಸಂತಾನಕಾಲ ಮಳೆಗಾಲ. ಆಗ ಮರಿಗಳ ಗುಂಪಿನ ಕೆಳಗೆ ಕಾವಲಿರುವ ತಾಯ್ತಂದೆ ಎದುರಿಗೆ ಬಂದದ್ದಕ್ಕೆಲ್ಲ ಎರಗುತ್ತವೆ. ಗಾಳಕ್ಕೆ ಬೀಳಲು ಅದಕ್ಕಿಂತ ಸುಲಭದ ಹೊತ್ತಿಲ್ಲ. ಆ ಒಂದು ಮೀನು ದಡ ಸೇರಿದರೆ ಕಾವಲಿಲ್ಲದ ಮರಿಗಳು ಬೇರೆ ಮೀನುಗಳ ಪಾಲು. ಹೊಸನೀರಿಗೆ ಎದುರೇರಿ ಮೊಟ್ಟೆಯಿಡಲು ಹೊರಟ ಮೀನುಗಳ ಕತೆಯೂ ಇದೇ. 1897ರ ಕಾಯ್ದೆ ಬಲೆಯ ಕಣ್ಣನ್ನು ಅಳೆಯಿತು, ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಸಂರಕ್ಷಣೆಯನ್ನು ಹೆಸರಿನಲ್ಲಿಯೇ ಇಟ್ಟುಕೊಂಡಿತು. ಆದರೆ ಕಾವಲುಮೀನಿನ ವಿಷಯದಲ್ಲಿ ಒಂದು ಗಾಳ ಒಂದು ಬಲೆಯಷ್ಟೇ ಹಾನಿ ಮಾಡಬಲ್ಲದು.

ಉಪಸಂಹಾರ

ಸೋಮೇಶ್ವರನ ಗ್ರಂಥದಿಂದ ಇಂದಿನ ರಬ್ಬರ್ ಕಪ್ಪೆಯವರೆಗೆ ಸಾಮಗ್ರಿ ಪೂರ್ತಿ ಬದಲಾಗಿದೆ. ಮೀನಿನ ಸ್ವಭಾವ ನೋಡಿ ಎರೆ, ನೀರಿನ ಸ್ವಭಾವ ನೋಡಿ ದೋಣಿ ಎಂಬ ತರ್ಕ ಬದಲಾಗಿಲ್ಲ. ಬದಲಾದದ್ದು ಹಂಗಾಮು. ಬಾಂದಾರಗಳು ಬಂದ ಮೇಲೆ ಈ ಐದು ತಾಲ್ಲೂಕುಗಳಲ್ಲಿ ವರ್ಷದ ಹೆಚ್ಚು ಕಾಲ ದೋಣಿ ಇಳಿಸುವಷ್ಟು ನೀರಿದೆ. ಹಿಂದೆ ಹೊಸನೀರಿನ ಕೆಲವೇ ವಾರಗಳಲ್ಲಿ ವರ್ಷದ ದುಡಿಮೆ ದಕ್ಕಿಸಿಕೊಳ್ಳಬೇಕಾಗಿದ್ದ ಒತ್ತಡ ಅಷ್ಟರಮಟ್ಟಿಗೆ ಸಡಿಲಿದೆ. ಆದ್ದರಿಂದ ಮುಂಗಾರಿನ ಮೊದಲ ನೀರನ್ನು ಮೀನಿಗೆ ಬಿಟ್ಟು, ಹಲಗೆ ಇಳಿದ ಮೇಲಿನ ತಿಳಿನೀರನ್ನು ಗಾಳಕ್ಕೂ ತೆಪ್ಪಕ್ಕೂ ಇಟ್ಟುಕೊಳ್ಳುವುದು ಈ ಹೊಳೆಯಲ್ಲಿ ಸಾಧ್ಯವಿರುವ ವ್ಯವಸ್ಥೆ. ಅಂಥ ನಿಯಮ ಬರೆಯುವವರು ವಿನೋದಕ್ಕೆ ಬರುವವರ ಕೈಪಿಡಿಗಳಷ್ಟನ್ನೇ ಓದಿದರೆ ಸಾಲದು. ಒಂಬತ್ತು ಶತಮಾನಗಳ ಬರಹದಲ್ಲಿ ಬಹುತೇಕ ಹೆಸರಿಲ್ಲದೆ ಉಳಿದ ಅಂಬಿಗ, ಭೋಯಿ, ಕೋಳಿಗಳಿಗೆ ಯಾವ ಮಡುವಿನಲ್ಲಿ ಯಾವ ಮೀನು ಯಾವಾಗ ಮರಿ ಮಾಡುತ್ತದೆಂಬ ಲೆಕ್ಕ ಗೊತ್ತಿದೆ. ಅದನ್ನು ಅವರ ಬಾಯಿಂದ ಕೇಳಿ, ಅವರ ಹೆಸರಿನಲ್ಲೇ ದಾಖಲಿಸುವುದು ಈ ವಿಷಯದ ಮುಂದಿನ ಸಂಶೋಧನೆಯ ಮೊದಲ ಕೆಲಸ.