ತಿನ್ನುವಿಕೆಯ ಅಸ್ವಸ್ಥತೆಯ ಚಿಕಿತ್ಸೆಯಲ್ಲಿ ಪೂರಕ ಪೋಷಕಾಂಶಗಳು: ಸತು ಮತ್ತು ಥಯಾಮಿನ್

ತಿನ್ನುವಿಕೆಯ ಅಸ್ವಸ್ಥತೆಗಳಲ್ಲೊಂದಾದ ಅನೊರೆಕ್ಸಿಯಾ ನರ್ವೋಸಾ ಕಾಯಿಲೆಯಲ್ಲಿ ದಪ್ಪಗಾಗುವ ಭಯ ಹಸಿವನ್ನೂ ಮೀರಿ ನಿಲ್ಲುತ್ತದೆ. ಊಟ ಒಲ್ಲೆನೆನ್ನುವ ಮಗಳು ಮಾತ್ರೆಯನ್ನಾದರೂ ನುಂಗಿದರೆ ಸಾಕೆಂದು ಮನೆಯವರು ಹಂಬಲಿಸುವುದು ಸಹಜ. ಆ ಹಂಬಲಕ್ಕೆ ಸಂಶೋಧನೆಯ ಆಧಾರ ಎಷ್ಟಿದೆ?

ಹೆಚ್ಚು ಚರ್ಚೆಯಾಗಿರುವುದು ಸತು. ಅದರ ಕೊರತೆಯಿಂದ ರುಚಿ ಕೆಡುತ್ತದೆ, ಹಸಿವು ಕುಗ್ಗುತ್ತದೆ, ತೂಕ ಇಳಿಯುತ್ತದೆ. ಕೆನಡಾದ ಬರ್ಮಿಂಗ್‌ಹ್ಯಾಮ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆ ಸೇರಿದ್ದ 35 ಮಹಿಳೆಯರಿದ್ದರು. ದಿನಕ್ಕೆ 100 ಮಿಲಿಗ್ರಾಂ ಸತುವಿನ ಗ್ಲುಕೊನೇಟ್ ಪಡೆದವರ ದೇಹತೂಕ ಸೂಚ್ಯಂಕ, ಹುಸಿಮಾತ್ರೆ ಪಡೆದವರದಕ್ಕಿಂತ ಎರಡು ಪಟ್ಟು ವೇಗದಲ್ಲಿ ಏರಿತು. ಫಲಿತಾಂಶ ಆಶಾದಾಯಕವೇ. ಆದರೆ ಸಂಖ್ಯೆ ಚಿಕ್ಕದು. ಮೇಲಾಗಿ ಅವರಿಗೆಲ್ಲ ಆಸ್ಪತ್ರೆಯ ಆರೈಕೆಯೂ ನಡೆದಿತ್ತು.

2004ರ ಇನ್ನೊಂದು ಪ್ರಯೋಗದಲ್ಲಿ ಖಿನ್ನತೆಗೆ ಕೊಡುವ ಫ್ಲುಯೊಕ್ಸೆಟಿನ್ ಔಷಧದ ಜೊತೆಗೆ ಟ್ರಿಪ್ಟೊಫ್ಯಾನ್, ಜೀವಸತ್ವ, ಖನಿಜ, ಕೊಬ್ಬಿನಾಮ್ಲಗಳನ್ನು ಕೊಟ್ಟರೂ ತೂಕದಲ್ಲಾಗಲಿ ಆತಂಕದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದಕ್ಕೂ ಹಿಂದೆ, 1944-45ರಲ್ಲಿ, ಅಮೆರಿಕದ ಸಂಶೋಧಕ ಆನ್ಸೆಲ್ ಕೀಸ್ ಮಿನೆಸೋಟದಲ್ಲಿ ಆರೋಗ್ಯವಂತ 36 ಯುವಕರನ್ನು ಅರೆಹೊಟ್ಟೆಯಲ್ಲಿಟ್ಟು ಅಭ್ಯಾಸ ಮಾಡಿದ್ದರು. ಅವರಿಗೆ ಅನೊರೆಕ್ಸಿಯಾ ಇರಲಿಲ್ಲ. ಆದರೂ ದಿನವಿಡೀ ಅನ್ನದ್ದೇ ಚಿಂತೆ, ಖಿನ್ನತೆ, ಒಂಟಿತನ ಅವರನ್ನು ಕಾಡಿದವು. ಚೇತರಿಕೆಯ ಹಂತದಲ್ಲಿ ಕೆಲವರಿಗೆ ಹೆಚ್ಚುವರಿ ಜೀವಸತ್ವ, ಪ್ರೋಟೀನ್ ಕೊಟ್ಟು ನೋಡಲಾಯಿತು; ಅವುಗಳಿಂದಾದ ಪ್ರಯೋಜನ ಅತ್ಯಲ್ಪ. ದೇಹವನ್ನು ಮೇಲೆತ್ತಿದ್ದು ಸಾಕಷ್ಟು ಕ್ಯಾಲೊರಿಯ ಊಟ.

ಥಯಾಮಿನ್ ಅಂದರೆ ಬಿ1 ಜೀವಸತ್ವದ ಮಾತು ಬೇರೆ. ಬಹುಕಾಲ ಉಪವಾಸವಿದ್ದವರಿಗೆ ಒಮ್ಮೆಲೇ ಹೆಚ್ಚು ಉಣಿಸಿದರೆ ಇನ್ಸುಲಿನ್ ಏರುತ್ತದೆ; ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ರಕ್ತದಿಂದ ಜೀವಕೋಶಗಳೊಳಗೆ ಸರಿಯುತ್ತವೆ. ಗ್ಲುಕೋಸ್ ಕರಗಿಸುವುದರಲ್ಲಿ ಅಳಿದುಳಿದ ಥಯಾಮಿನ್ ಕೂಡ ಖರ್ಚಾಗುತ್ತದೆ. ಆಗ ಹೃದಯದ ಬಡಿತವೇ ತಪ್ಪಬಹುದು. ಅದಕ್ಕಾಗಿಯೇ ಬ್ರಿಟನ್ನಿನ ನೈಸ್ ಸಂಸ್ಥೆಯ 2006ರ ಮಾರ್ಗಸೂಚಿ, ಇಂಥ ಅಪಾಯವುಳ್ಳವರಿಗೆ ಆಹಾರ ಆರಂಭಿಸುವ ಮೊದಲೂ ಅನಂತರದ ಹತ್ತು ದಿನವೂ ಥಯಾಮಿನ್ ಕೊಡಬೇಕೆನ್ನುತ್ತದೆ. ಇಲ್ಲಿ ಪೂರಕಾಂಶ ಜೀವ ಕಾಯುತ್ತದೆ, ಕಾಯಿಲೆಯನ್ನು ವಾಸಿಮಾಡುವುದಿಲ್ಲ. ಅದೇ ಸಂಸ್ಥೆಯ 2017ರ ಮಾರ್ಗಸೂಚಿಯೂ, ಊಟದಿಂದಲೇ ಅಗತ್ಯವೆಲ್ಲ ಪೂರೈಸುವವರೆಗೆ ಜೀವಸತ್ವ-ಖನಿಜದ ಮಾತ್ರೆ ತೆಗೆದುಕೊಳ್ಳಬೇಕೆನ್ನುತ್ತದೆ.

ಇಂಥ ಕಾಯಿಲೆಗಳು ನಮ್ಮಲ್ಲಿಲ್ಲ ಎಂದುಕೊಳ್ಳುವಂತಿಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಬೆಂಗಳೂರಿನ ಮನೋವೈದ್ಯರಲ್ಲಿ ಮೂರನೇ ಎರಡರಷ್ಟು ಮಂದಿ ತಿನ್ನುವಿಕೆಯ ಅಸ್ವಸ್ಥತೆಯಿರುವ ಒಬ್ಬ ರೋಗಿಯನ್ನಾದರೂ ಕಂಡಿದ್ದಾಗಿ ತಿಳಿಸಿದ್ದರು. ಮಗು ತಿಂಗಳುಗಟ್ಟಲೆ ಸರಿಯಾಗಿ ಉಣ್ಣದಿದ್ದರೆ ಔಷಧದಂಗಡಿಯ ಡಬ್ಬಿ ನೆಚ್ಚಿಕೊಂಡು ದಿನ ಕಳೆಯಬೇಡಿ. ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ.